ಸೀಟು ಹಿಡಿದ ಕವರು

ಆಧಾರ್ ಕಾರ್ಡಿಗೆಂದು ವ್ಯಾನಿಟಿ ಬ್ಯಾಗಿಗೆ ಕೈ ಹಾಕಿದರೆ ನನಗೆ ಮೊದಲು ಸಿಗುವುದು ಈ ಕವರು. ಆಮೇಲೆ ಕನ್ನಡಕದ ಡಬ್ಬಿ, ಸೀಮೆಸುಣ್ಣದ ತುಂಡು, ಯಾರೋ ಮಗು ಕೊಟ್ಟ ನೆಲ್ಲಿಕಾಯಿ. ಕಾರ್ಡು ಸಿಗುವುದು ಕಟ್ಟಕಡೆಗೆ. ಅಷ್ಟರಲ್ಲಿ ಕಂಡಕ್ಟರು ಎರಡು ಸಲ "ಮೇಡಂ, ಕಾರ್ಡು" ಎಂದಿರುತ್ತಾನೆ, ಹಿಂದೆ ನಿಂತವರು ಒಂದು ಸಲ ಲೊಚಗುಟ್ಟಿರುತ್ತಾರೆ. ನಿನ್ನೆಯೂ ಹಾಗೇ ಆಯಿತು. ಅದಕ್ಕೇ ಈ ಕವರಿನ ಕಥೆಯನ್ನು ಒಂದು ಸಲ ಹೇಳಿ ಮುಗಿಸಿಬಿಡೋಣ ಅನ್ನಿಸಿತು.

ಕಂದು ಬಣ್ಣದ, ಕಚೇರಿಗಳಲ್ಲಿ ಬಳಸುವ ಉದ್ದನೆಯ ಕವರು. ಒಂದು ಮೂಲೆಯಲ್ಲಿ ಯಾರದೋ ಚಪ್ಪಲಿಯ ಗುರುತಿದೆ. ನಡುವೆ ವಾರ್ನಿಷ್ ಮೆತ್ತಿದ ಹೆಬ್ಬೆರಳಿನ ಗುರುತು, ಅದು ನಮ್ಮ ಮನೆಯವರದು. ಒಮ್ಮೆ ನೆಂದು ಒಣಗಿದ್ದರಿಂದ ಮೈಯೆಲ್ಲ ಹಪ್ಪಳದ ಹಾಗೆ ಉಬ್ಬುತಗ್ಗಾಗಿದೆ. "ಅದನ್ನ ಬಿಸಾಕಬಾರ್ದೇನೇ?" ಎಂದು ನಾಗರತ್ನ ತಿಂಗಳಿಗೊಮ್ಮೆ ಕೇಳುತ್ತಾಳೆ. ನಾನು "ಬಿಸಾಕೋಣ ಬಿಡು" ಅನ್ನುತ್ತೇನೆ. ಬಿಸಾಕಿಲ್ಲ.

ನಾಗರತ್ನ ನನ್ನ ಬಸ್ಸಿನ ಗೆಳತಿ. ನನ್ನದು ವಿಜ್ಞಾನ, ಅವಳದು ಕನ್ನಡ. ನಾನು ಹೊಳೆನರಸೀಪುರದಲ್ಲಿ ಇಳಿದು ಅರಕಲಗೂಡಿನ ರಸ್ತೆಯ ಬಸ್ಸು ಹಿಡಿದು ಒಂದು ಹಳ್ಳಿಯ ಹೈಸ್ಕೂಲಿಗೆ ಹೋಗಬೇಕು, ಅವಳ ಶಾಲೆ ಹೊಳೆನರಸೀಪುರದಲ್ಲೇ. ಮನೆ ಇಬ್ಬರದೂ ಹಾಸನ. ಒಂಬತ್ತು ವರ್ಷದಿಂದ ಬೆಳಗ್ಗೆ ಒಟ್ಟಿಗೆ ಹೋಗುತ್ತೇವೆ, ಸಂಜೆ ಒಟ್ಟಿಗೆ ಬರುತ್ತೇವೆ. ಅವಳು ರಾಮನಾಥಪುರದ ಹೊಗೆಸೊಪ್ಪು ಬೆಳೆಯುವವರ ಮನೆಯ ಮಗಳು. ಕ್ಲಾಸಿನಲ್ಲಿ ಎಂಥ ಅಚ್ಚುಕಟ್ಟಿನ ಕನ್ನಡ ಮಾತಾಡುತ್ತಾಳೋ, ಬಸ್ಸಿನ ಮೆಟ್ಟಿಲು ಹತ್ತುತ್ತಿದ್ದ ಹಾಗೆ ರಾಮನಾಥಪುರ ಬಾಯಿಗೆ ಬಂದುಬಿಡುತ್ತದೆ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ: ನನ್ನ ಇಪ್ಪತ್ತೆರಡು ವರ್ಷದ ಸರ್ವೀಸು ಈ ನಾಲ್ಕು ಬಸ್ ಸ್ಟ್ಯಾಂಡುಗಳ ನಡುವೆ ಸವೆದಿದೆ. ಶಾಲೆಯಲ್ಲಿ ಕಳೆದದ್ದು ಹೆಚ್ಚೋ, ಬಸ್ಸಿನಲ್ಲಿ ಕಳೆದದ್ದು ಹೆಚ್ಚೋ ಎಂದು ಯಾರಾದರೂ ಕೇಳಿದರೆ ಉತ್ತರ ಹೇಳಲು ತಡವರಿಸುತ್ತೇನೆ. ಪಾಠ ಮಾಡುವುದನ್ನು ಬಿ.ಎಡ್ ಕಾಲೇಜಿನಲ್ಲಿ ಕಲಿತೆ. ಸೀಟು ಹಿಡಿಯುವುದನ್ನು ಯಾರೂ ಕಲಿಸಲಿಲ್ಲ, ಹಾಗಾಗಿ ಇವತ್ತಿಗೂ ಸರಿಯಾಗಿ ಬಂದಿಲ್ಲ.

ನಿಮಗೆ ಗೊತ್ತೇ ಇದೆ, ನಮ್ಮ ಕಡೆ ಬಸ್ಸು ಹತ್ತಿ ಸೀಟು ಹುಡುಕುವವರು ಹೊರಗಿನವರು. ನಾವು ಮೊದಲು ಸೀಟು ಹಿಡಿದು ಆಮೇಲೆ ಬಸ್ಸು ಹತ್ತುತ್ತೇವೆ. ಬಸ್ಸು ಸ್ಟ್ಯಾಂಡಿನೊಳಕ್ಕೆ ತಿರುಗುತ್ತಿದ್ದ ಹಾಗೆ ಓಡಿಹೋಗಿ ಕಿಟಕಿಯಿಂದ ಏನಾದರೂ ಒಳಗೆ ಎಸೆಯಬೇಕು. ಕರ್ಚೀಫು, ಟವೆಲ್ಲು, ಊಟದ ಬ್ಯಾಗು, ಕೊಡೆ, ಏನಾದರೂ ಸರಿ. ಚನ್ನರಾಯಪಟ್ಟಣದ ಸ್ಟ್ಯಾಂಡಿನಲ್ಲಿ ಒಬ್ಬರು ಯಜಮಾನರು ಬಲಗಾಲಿನ ಚಪ್ಪಲಿ ಎಸೆದು, ಒಂದೇ ಚಪ್ಪಲಿಯಲ್ಲಿ ಕುಂಟುತ್ತ ಗತ್ತಿನಿಂದ ಬಸ್ಸು ಹತ್ತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ವಸ್ತು ಯಾವ ಸೀಟಿನ ಮೇಲೆ ಬಿತ್ತೋ ಆ ಸೀಟು ಎಸೆದವರದು. ಅದಕ್ಕೆ ಜಗಳ ಆಗಬಹುದು, ಮೂರು ತಲೆಮಾರಿನ ವಿಚಾರ ಬರಬಹುದು, ಆದರೆ ಇನ್ನೊಬ್ಬರ ಕರ್ಚೀಫನ್ನು ಎತ್ತಿ ಪಕ್ಕಕ್ಕಿಟ್ಟು ಕೂರುವವರನ್ನು ನಾನು ನೋಡಿಲ್ಲ. ಹೆಂಗಸರಿಗೆ ಟಿಕೆಟ್ ಇಲ್ಲವೆಂದಾದ ಮೇಲಂತೂ ನೂಕುನುಗ್ಗಲು ಎರಡರಷ್ಟಾಗಿದೆ, ನಿಯಮ ಮಾತ್ರ ಹಾಗೇ ಇದೆ.

ಇದರಲ್ಲಿ ನಾಗರತ್ನ ಎತ್ತಿದ ಕೈ. ಕರ್ಚೀಫಿಗೆ ಒಂದು ಗಂಟು ಹಾಕಿ ಬೀಸಿದಳೆಂದರೆ ಮೂರನೇ ಸಾಲಿನ ಕಿಟಕಿ ಪಕ್ಕದ ಸೀಟೇ. ನಾನು ಎಸೆದರೆ ಅದು ಒಳಗೆ ಕೂತ ಯಾರದಾದರೂ ತೊಡೆಯ ಮೇಲೋ, ಒಮ್ಮೊಮ್ಮೆ ತಲೆಯ ಮೇಲೋ ಬೀಳುತ್ತದೆ. ಮಕ್ಕಳಿಗೆ ಚಲನೆಯ ನಿಯಮಗಳನ್ನು ಹೇಳಿಕೊಡುವವಳು ನಾನು. ಹಾಗಾಗಿ ಸೀಟು ಹಿಡಿಯುವುದು ಅವಳ ಕೆಲಸ, ಕೂರುವುದು ನನ್ನ ಕೆಲಸ ಎಂದು ನಮ್ಮಲ್ಲಿ ತೀರ್ಮಾನವಾಗಿತ್ತು.

ಇನ್ನು ಈ ಕವರಿನ ಒಳಗಿನ ವಿಚಾರ. ಅದರಲ್ಲಿರುವುದು ನನ್ನ ಸ್ವಯಂ ನಿವೃತ್ತಿಯ ಅರ್ಜಿ.

ನಾನು ಟೀಚರಾಗಬೇಕೆಂದು ಕನಸು ಕಂಡವಳಲ್ಲ. ಬಿ.ಎಸ್ಸಿ ಮುಗಿಸಿದೆ, ಮದುವೆಯಾಯಿತು, ಮಗಳು ಹುಟ್ಟಿದಳು. ಸಾರಿಗೆ ಒಗ್ಗರಣೆ ಹಾಕಿಕೊಂಡು ಹಾಯಾಗಿದ್ದೆ. "ಬಿ.ಎಡ್ ಮಾಡು" ಎಂದು ಹಟ ಹಿಡಿದವರು ಅತ್ತೆ. ಅವರಿಗೆ ಓದು ಬರುವುದಿಲ್ಲ. ಶಾಂತಿಗ್ರಾಮದಲ್ಲಿ ಅವರು ಚಿಕ್ಕವರಾಗಿದ್ದಾಗ ಬೆಳಗಿನ ಬಸ್ಸಿಂದ ಒಬ್ಬ ಟೀಚರಮ್ಮ ಕೊಡೆ ಹಿಡಿದುಕೊಂಡು ಇಳಿಯುತ್ತಿದ್ದರಂತೆ. ಚಾ ಅಂಗಡಿಯ ಮುಂದೆ ಕೂತ ಗಂಡಸರೆಲ್ಲ ಎದ್ದು ನಿಲ್ಲುತ್ತಿದ್ದರಂತೆ. "ನಮ್ ಮನೇಲೂ ಒಬ್ಳು ಅಂಗೆ ಕೊಡೆ ಇಡ್ಕಂಡು ಬಸ್ ಇಳೀಬೇಕು ಕಣವ್ವ" ಎಂದರು. ಇಷ್ಟೇ ಕಾರಣ. ನನ್ನ ಜೀವನವನ್ನು ಒಂದು ಕೊಡೆ ತೀರ್ಮಾನಿಸಿತು ಎಂದರೆ ತಪ್ಪಿಲ್ಲ.

ಆದರೆ ಅತ್ತೆ ಬರೀ ಹೇಳಿ ಸುಮ್ಮನಾಗುವವರಲ್ಲ. ನಾನು ಕಾಲೇಜಿಗೆ ಹೋದ ಆ ಒಂದು ವರ್ಷ, ಮಧ್ಯಾಹ್ನ ಊಟದ ಬಿಡುವಿಗೆ ಸರಿಯಾಗಿ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಕಾಲೇಜಿನ ಗೇಟಿಗೆ ಬರುತ್ತಿದ್ದರು. ನಾನು ಹಾಲು ಕುಡಿಸಿ ಕೊಡುತ್ತಿದ್ದೆ, ಅವರು ಮತ್ತೆ ನಡೆದುಕೊಂಡೇ ಮನೆಗೆ. ಸಂಜೆ ನಾನು ಮಾಡಬೇಕಾದ ಪಾಠಗಳ ತಾಲೀಮಿಗೆ ವಿದ್ಯಾರ್ಥಿಯೂ ಅವರೇ. ಅವರೆಕಾಯಿ ಸುಲಿಯುತ್ತ ಜೀರ್ಣಾಂಗ ವ್ಯೂಹ ಕೇಳುತ್ತಿದ್ದರು. ಅರ್ಧಕ್ಕೆ ತೂಕಡಿಸುತ್ತಿದ್ದರು. ಎಚ್ಚರವಾದಾಗ "ಎಲ್ಲೀಗಂಟ ಬಂತು ತುತ್ತು?" ಎಂದು ಕೇಳುತ್ತಿದ್ದರು.

ಒಂದು ದಿನ ಗಾಳಿಯ ಒತ್ತಡದ ಪಾಠ. ಲೋಟದ ತುಂಬ ನೀರು ತುಂಬಿ, ಬಾಯಿಗೆ ಒಂದು ದಪ್ಪ ಕಾಗದ ಮುಚ್ಚಿ, ತಲೆಕೆಳಗು ಮಾಡಿ ಕೈ ಬಿಟ್ಟರೆ ಕಾಗದ ಬೀಳುವುದಿಲ್ಲ, ನೀರೂ ಬೀಳುವುದಿಲ್ಲ. ಕೆಳಗಿನ ಗಾಳಿ ಅದನ್ನು ಎತ್ತಿ ಹಿಡಿಯುತ್ತದೆ. ಅಡುಗೆಮನೆಯಲ್ಲಿ ಒಂದು ಲಗ್ನಪತ್ರಿಕೆ ಮುಚ್ಚಿ, ಲೋಟವನ್ನು ನನ್ನ ತಲೆಯ ಮೇಲೇ ಬೋರಲು ಹಿಡಿದೆ. ಅತ್ತೆ ಗಾಬರಿಯಾಗಿ ಕಣ್ಣು ಮುಚ್ಚಿ, ಕೈ ಮುಗಿದು, "ಗಾಳ್ಯಪ್ಪಾ, ನನ್ ಸೊಸೆ ಮಾನ ಕಾಪಾಡಪ್ಪಾ" ಎಂದರು. ಗಾಳಿಯಪ್ಪ ಕಾಪಾಡಿದ.

ಆ ಮಾತನ್ನು ನಾನು ಕದ್ದೆ. ಸೊಸೆಯನ್ನು ಬಿಟ್ಟು, "ಗಾಳಿಯಪ್ಪಾ, ನನ್ನ ಮಾನ ಕಾಪಾಡಪ್ಪಾ" ಎಂದು ಮಾಡಿಕೊಂಡೆ. ಅರಕಲಗೂಡಿನ ಕಡೆ ಮೊದಲ ಶಾಲೆ, ಅಲ್ಲಿ ಹೇಳಿದೆ. ಆಮೇಲೆ ರಾಮನಾಥಪುರದ ಹತ್ತಿರ, ಹೊಗೆಸೊಪ್ಪು ಮುರಿದು ಅಂಗೈಯೆಲ್ಲ ಕಪ್ಪು ಅಂಟಾದ ಮಕ್ಕಳ ಮುಂದೆ ಹೇಳಿದೆ. ಬಾಗೂರಿನ ಕಡೆ ಹೇಳಿದೆ. ಈಗಿನ ಶಾಲೆಯಲ್ಲಿ ಹೇಳುತ್ತಿದ್ದೇನೆ. ಪ್ರತಿ ವರ್ಷ ಅದೇ ಲೋಟ, ಅದೇ ತಲೆ, ಅದೇ ಮಾತು. ಪ್ರತಿ ವರ್ಷ ಮಕ್ಕಳು ಉಸಿರು ಬಿಗಿಹಿಡಿದು, ಆಮೇಲೆ ಚಪ್ಪಾಳೆ ತಟ್ಟುತ್ತಿದ್ದರು. ನಾನು ದೊಡ್ಡ ಕಲಾವಿದೆಯಂತೆ ಬೀಗುತ್ತಿದ್ದೆ.

ಹೋದ ವರ್ಷ ಲೋಟವನ್ನು ತಲೆಯ ಮೇಲೆ ಹಿಡಿದು ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಬೆಂಚಿನಿಂದ ನನ್ನದೇ ರಾಗದಲ್ಲಿ ಕೂಗು ಬಂತು: "ಗಾಳಿಯಪ್ಪಾ, ನನ್ನ ಮಾನ ಕಾಪಾಡಪ್ಪಾ!" ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಕೂಗಿದವಳು ರಕ್ಷಿತಾ. "ನಿಂಗೆ ಹೆಂಗೆ ಗೊತ್ತು?" ಎಂದೆ. "ನಮ್ಮಮ್ಮ ಅರಕಲಗೂಡ್ ಕಡೇಲಿ ನಿಮ್ ತಾವೇ ಓದಿದ್ದು ಮಿಸ್. ಇನ್ನೊಂದ್ ವಾರಕ್ಕೆ ನಿಮ್ ಮಿಸ್ಸು ಇಂಗೆ ಮಾಡ್ತಾರೆ ನೋಡು ಅಂತ ಮೊದ್ಲೇ ಯೋಳಿತ್ತು" ಎಂದಳು.

ನಾನೂ ನಕ್ಕೆ. ಸ್ಟಾಫ್ ರೂಮಿಗೆ ಬಂದು ಕೂತ ಮೇಲೆ ನಗು ನಿಂತಿತು. ತಾಯಿಗೆ ಹೇಳಿದ್ದನ್ನೇ ಮಗಳಿಗೂ ಹೇಳುತ್ತಿದ್ದೇನೆ, ಅದೂ ಇಂಥ ವಾರ ಹೇಳುತ್ತಾಳೆ ಎಂದು ಮನೆಯಲ್ಲೇ ಗೊತ್ತಾಗುವ ಹಾಗೆ. ಇಪ್ಪತ್ತೆರಡು ವರ್ಷದಲ್ಲಿ ನನಗೆ ಹೊಸದಾಗಿ ಒಂದು ಮಾತೂ ಹುಟ್ಟಿಲ್ಲವಲ್ಲ ಅನ್ನಿಸಿತು. ನಿಮಗೆ ಇದು ಸಣ್ಣ ವಿಚಾರ ಅನ್ನಿಸಬಹುದು. ನನಗೆ ಬಹಳ ಅವಮಾನವಾಯಿತು. ಕೆಲಸದ ಬೇಸರಕ್ಕೆ ಬೇರೆ ಕಾರಣಗಳೂ ಇದ್ದವು ಅನ್ನಿ. ಮೊಟ್ಟೆ ತಿನ್ನುವವರೆಷ್ಟು, ಬಾಳೆಹಣ್ಣಿನವರೆಷ್ಟು ಎಂದು ಬರೆಯುವುದು, ಫೋಟೋ ತೆಗೆದು ಆ್ಯಪಿಗೆ ಏರಿಸುವುದು, ಸಮೀಕ್ಷೆಗೆ ಮನೆಮನೆ ತಿರುಗುವುದು. ಅವನ್ನೆಲ್ಲ ಗೊಣಗಿಕೊಂಡು ಮಾಡುತ್ತಲೇ ಇದ್ದೆ. ಗೊಣಗುವವರು ಕೆಲಸ ಬಿಡುವುದಿಲ್ಲ. ಅವತ್ತಿನಿಂದ ನಾನು ಗೊಣಗುವುದನ್ನೂ ನಿಲ್ಲಿಸಿಬಿಟ್ಟೆ.

ಮೂರು ತಿಂಗಳು ಹಾಗೇ ಕಳೆಯಿತು. ಒಂದು ದಿನ ಅರ್ಜಿ ಟೈಪು ಮಾಡಿಸಿದೆ. ಯಾರಿಗೂ ಹೇಳಲಿಲ್ಲ. ಮನೆಯವರಿಗೆ ಹೇಳಿದರೆ "ನಿನ್ನಿಷ್ಟ" ಅನ್ನುತ್ತಾರೆ, ಅದು ನನಗೆ ಬೇಡ. ಅತ್ತೆಗೆ ಹೇಳಲು ಮುಖವಿಲ್ಲ. ನಾಗರತ್ನಳಿಗೆ ಹೇಳಿದರೆ ಬಸ್ಸಿನಲ್ಲೇ ಅಳುತ್ತಾಳೆ. ಹೀಗೆ ಒಬ್ಬೊಬ್ಬರಿಗೂ ಒಂದೊಂದು ನೆಪ ಇಟ್ಟುಕೊಂಡು, ಒಂದು ಶನಿವಾರ ಬೆಳಗಿನ ಶಾಲೆ ಮುಗಿಯುತ್ತಿದ್ದ ಹಾಗೆ ಅರ್ಜಿಯನ್ನು ಹೆಡ್ ಮೇಷ್ಟರ ಮುಂದಿಟ್ಟೆ. ಅವರು ಎರಡು ಸಲ ಓದಿದರು. "ಯೋಚನೆ ಮಾಡಿದ್ದೀರಾ ಮೇಡಂ?" ಎಂದರು. "ಮಾಡಿದ್ದೀನಿ ಸಾರ್" ಎಂದೆ. ಇಂಕ್ ಪೆನ್ನು ಬಿಚ್ಚಿ ಸಹಿ ಹಾಕಿ, ಮೊಹರು ಒತ್ತಿ, ಬೇಜಾರಿನಿಂದ ಕೊಟ್ಟರು.

ಹೊಳೆನರಸೀಪುರದಲ್ಲಿ ಇಳಿದು, ನಾಗರತ್ನಳಿಗೆ "ಮೆಡಿಕಲ್ ಶಾಪಿಗೆ ಹೋಗಿ ಬರ್ತೀನಿ" ಎಂದು ಫೋನು ಮಾಡಿ, ಬಿಇಒ ಕಚೇರಿಗೆ ನಡೆದೆ. ಬಾಗಿಲಿಗೆ ಬೀಗ. ಅವತ್ತು ನಾಲ್ಕನೇ ಶನಿವಾರ, ಕಚೇರಿಗಳಿಗೆ ರಜೆ. ರಜೆಯಿಲ್ಲದ್ದು ಶಾಲೆಗಳಿಗೆ ಮಾತ್ರ. ಆ ರಜೆ ಶುರುವಾದಾಗಿನಿಂದ ಪ್ರತಿ ತಿಂಗಳೂ ಅದನ್ನು ಶಪಿಸಿದವಳಿಗೆ ಅವತ್ತೊಂದು ದಿನ ಅದು ನೆನಪಾಗಲಿಲ್ಲ ನೋಡಿ. ಬಿಸಿಲಲ್ಲಿ ಬೀಗವನ್ನು ಒಂದು ನಿಮಿಷ ದಿಟ್ಟಿಸಿ ವಾಪಸು ಬಂದೆ.

ಸ್ಟ್ಯಾಂಡಿನಲ್ಲಿ ಜನವೋ ಜನ. ಯಾವುದೋ ಮದುವೆಯ ದಿಬ್ಬಣ ಬೇರೆ. ಎರಡು ಬಸ್ಸು ಅಕ್ಕಪಕ್ಕ ನಿಂತಿದ್ದವು. ನಡುವಿನ ಸಂದಿಯಲ್ಲಿ ನುಗ್ಗಿ, ಹಾಸನದ ಬಸ್ಸು ದಿನಾ ನಿಲ್ಲುವ ಜಾಗದಲ್ಲಿದ್ದ ಬಸ್ಸಿನ ಕಿಟಕಿಗೆ ಕೈ ಚಾಚಿದೆ. ಕರ್ಚೀಫು ಇರಲಿಲ್ಲ, ನಾನು ಯಾವತ್ತು ತಂದಿದ್ದೇನೆ? ಕೈಯಲ್ಲಿ ಕವರಿತ್ತು, ಎಸೆದೆ. ಜೀವಮಾನದಲ್ಲಿ ಮೊದಲ ಸಲ ಗುರಿ ತಪ್ಪಲಿಲ್ಲ, ಸೀಟಿನ ನಟ್ಟನಡುವೆ ಹೋಗಿ ಕೂತಿತು. ಹೆಮ್ಮೆಯಿಂದ ಬಾಗಿಲ ಕಡೆ ತಿರುಗಿದರೆ ಇನ್ನೊಂದು ಬಸ್ಸಿನ ಕಿಟಕಿಯಿಂದ ನಾಗರತ್ನ ಕೂಗಿದಳು. "ಲೇ ಸುಮಿತ್ರಾ, ಇತ್ತಾಗ್ ಬಾರೇ! ಸೀಟ್ ಇಡ್ಕಂಡಿವ್ನಿ!"

ಒಂಬತ್ತು ವರ್ಷದ ಅಭ್ಯಾಸ. ಅವಳು ಕೂಗಿದರೆ ಹೋಗಿ ಕೂರುವುದು. ಹೋದೆ, ಕೂತೆ, ಬಸ್ಸು ಹೊರಟಿತು. ಮದುವೆಯ ಹೆಣ್ಣಿನ ಸೀರೆ ಬಗ್ಗೆ ಇಬ್ಬರೂ ಒಂದಷ್ಟು ಮಾತಾಡಿದೆವು. ಕಂಡಕ್ಟರು "ಕಾರ್ಡು ಮೇಡಂ" ಎಂದ. ಬ್ಯಾಗಿಗೆ ಕೈ ಹಾಕಿದೆ. ಕವರು ಇರಲಿಲ್ಲ.

ನಾನು ಎಸೆದದ್ದು ಚನ್ನರಾಯಪಟ್ಟಣದ ಬಸ್ಸಿಗೆ. ನನ್ನ ನಿವೃತ್ತಿಯ ಅರ್ಜಿ ಕಿಟಕಿ ಪಕ್ಕದಲ್ಲಿ ಒಂದು ಪೂರ್ತಿ ಸೀಟು ಹಿಡಿದುಕೊಂಡು, ಗಾಳಿ ಕುಡಿಯುತ್ತ, ಇನ್ನೊಂದು ದಿಕ್ಕಿಗೆ ಹೋಗುತ್ತಿತ್ತು.

"ಏನ್ ಕಳ್ಕಂಡ್ಯೇ?" ಎಂದಳು ನಾಗರತ್ನ.

"ಏನಿಲ್ಲ. ಶಾಲೆ ಕಾಗದ ಒಂದು."

ಅರ್ಧ ಗಂಟೆ ಕಳೆದಿರಬೇಕು, ಫೋನು ಬಂತು. ನನ್ನ ಫೋನು ಹಿಂದಿನ ತಿಂಗಳು ನೀರಿನ ಬಕೆಟ್ಟಿಗೆ ಬಿದ್ದಿತ್ತು. ಅಂದಿನಿಂದ ಕಿವಿಗೆ ಹಿಡಿದರೆ ಏನೂ ಕೇಳಿಸದು, ಸ್ಪೀಕರಿಗೆ ಹಾಕಿದರೆ ಊರಿಗೆಲ್ಲ ಕೇಳುತ್ತದೆ. ಹಾಕಿದೆ.

"ಮಿಸ್, ನಮಸ್ಕಾರ ಮಿಸ್! ನಾನು ಮಂಜುನಾಥ ಕಣ್ ಮಿಸ್. ಬಾಗೂರ್ ಕಡೆ ಇಸ್ಕೂಲ್ನಾಗಿದ್ನಲ್ಲ, ಕೊನೆ ಬೆಂಚು. ಈಗ ಕಂಡಕ್ಟ್ರಾಗಿವ್ನಿ. ನಿಮ್ ಕವರ್ ನನ್ ಬಸ್ಸಾಗೈತೆ."

"ಅಯ್ಯೋ, ದೇವ್ರು ಬಂದಂಗೆ ಬಂದ್ಯಪ್ಪ" ಎಂದೆ.

"ಮೇಲೆ ಎಸ್ರಿತ್ತು, ನಂಬರ್ ಇರ್ಲಿಲ್ಲ. ಅದ್ಕೆ ಒಳಗಿನ್ ಕಾಗ್ದ ತಗ್ದು ನೋಡ್ದೆ. ತಪ್ ತಿಳ್ಕಬ್ಯಾಡಿ ಮಿಸ್." ಅವನು ದನಿ ಏರಿಸಿದ. "ಅಲ್ಲಾ ಮಿಸ್, ಕೆಲ್ಸ ಬುಡ್ತಿದ್ದೀರಾ?"

ಸ್ಪೀಕರಿನ ಗುಂಡಿ ಎಲ್ಲಿದೆ ಎಂದು ತಡಕಾಡಿದೆ. ಸಿಗಲಿಲ್ಲ. ಮುಂದಿನ ಸೀಟಿನ ಹೆಂಗಸು ತಿರುಗಿ "ಯಾಕವ್ವ, ಉಸಾರಿಲ್ವಾ?" ಎಂದು ಕೇಳಿದಳು. ನಾಗರತ್ನ ನನ್ನನ್ನೇ ನೋಡುತ್ತಿದ್ದಳು.

ಮಂಜುನಾಥ ನಿಲ್ಲಿಸಲಿಲ್ಲ. "ಒಂದ್ ಅಜ್ಜಿ ಹೊಳೆನರಸೀಪುರದಿಂದ ನಿಂತೇ ಬಂತು ಮಿಸ್. ಕವರ್ ಎತ್ತಿಟ್ಟು ಕುಂತ್ಕಳಜ್ಜಿ ಅಂದ್ರೂ ಕೇಳ್ಲಿಲ್ಲ. ಯಾರ್ದು ಕವರು ಅಂತು. ಯಾರೋ ಟೀಚರಮ್ಮಂದು ಅಂದೆ. ಟೀಚರಮ್ಮ ಸೀಟ್ ಇಡ್ದವ್ಳೆ ಅಂದ್ಮೇಲೆ ಬತ್ತಾಳೆ ಬುಡಪ್ಪ, ಮಕ್ಕಳತ್ರ ಕೂಗಿ ಕೂಗಿ ದಣ್ದಿರ್ತಾಳೆ ಅಂತು. ಕೆಳಗ್ ಬಿದ್ ಒಬ್ರು ತುಳುದ್ರು, ಅಜ್ಜೀನೇ ಎತ್ತಿ ಸೆರಗ್ನಾಗೆ ಒರ್ಸಿ ಮತ್ತೆ ಸೀಟಿನ್ ಮೇಲೆ ಮಡಗ್ತು."

ನಾನು ಫೋನಿನ ಮೇಲೆ ಸೆರಗು ಮುಚ್ಚಿ ಹಿಡಿದೆ.

"ಕವರ್ನ ಆಸ್ನದ್ ಬಸ್ಸಿಗೆ ಕೊಟ್ ಕಳುಸ್ತೀನಿ. ನಿಮ್ ಯಜಮಾನ್ರ ಅಂಗ್ಡಿ ಬಸ್ ಸ್ಟ್ಯಾಂಡ್ ತಾವೇ ಅಲ್ವಾ, ನಮ್ಮಪ್ಪನ್ ಮೋಟ್ರು ಅಲ್ಲೇ ವೈಂಡಿಂಗ್ ಮಾಡ್ಸಿದ್ದು. ಡ್ರೈವರ್ ಅಲ್ಲೀಗೇ ಕೊಡ್ತಾರೆ, ಬಿಡಿ" ಎಂದವನೇ, "ಬ್ಯಾಡಪ್ಪ" ಎಂದು ನಾನು ಹೇಳುವಷ್ಟರಲ್ಲಿ ಫೋನು ಇಟ್ಟ.

ನಾಗರತ್ನ ಹಾಸನದವರೆಗೆ ಕಿಟಕಿಯಾಚೆಗೇ ನೋಡಿದಳು. ಅಳುತ್ತಾಳೆ ಎಂದುಕೊಂಡಿದ್ದೆ, ಅತ್ತಿದ್ದರೆ ಚೆನ್ನಾಗಿತ್ತು. ಇಳಿಯುವಾಗ "ಒಂಬತ್ ವರ್ಸದಿಂದ ನಿಂಗೆ ಸೀಟ್ ಇಡೀತಿವ್ನಿ. ಒಂದ್ ಮಾತು ಯೋಳಾಕ್ ಆಗ್ಲಿಲ್ವೇನೇ?" ಎಂದಳು. ಉತ್ತರಕ್ಕೆ ಕಾಯದೆ ಸರಸರ ಹೋಗಿಬಿಟ್ಟಳು. ನಾನು ಅಲ್ಲೇ ನಿಂತಿದ್ದೆ. ತಪ್ಪು ನನ್ನದೇ, ಅನುಮಾನವೇ ಇಲ್ಲ.

ನಮ್ಮ ಮನೆಯವರದು ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ. ಮಾತು ಕಡಿಮೆ. ಸಂಜೆ ಬಂದು ಕೈತೊಳೆದು, ಕಾಫಿ ಲೋಟದ ಪಕ್ಕದಲ್ಲಿ ಕವರಿಟ್ಟರು. ಅದರ ಮೇಲೆ ವಾರ್ನಿಷ್ ಬೆರಳಚ್ಚು.

"ಓದಿದ್ರಾ?" ಎಂದೆ.

"ತೆರೆದಿತ್ತು. ಓದ್ದೆ."

"ಏನೂ ಹೇಳಲ್ವಾ?"

ಕಾಫಿ ಅರ್ಧ ಮುಗಿಸಿದರು. "ಅಂಗಡಿಗೆ ಬಂದವರೆಲ್ಲ ಮೋಟ್ರು ಇಳಿಸ್ತಿದ್ದಂಗೆ, ಇದು ಸುಟ್ಟೋಗೈತೆ, ಗುಜರಿಗೆ ಹಾಕ್ಬುಡ್ಲಾ ಅಂತ ಕೇಳ್ತಾರೆ. ನಾನು ಬಿಚ್ಚಿ ನೋಡ್ದೆ ಏನೂ ಹೇಳಲ್ಲ."

"ನಾನೇನು ಐದು ಎಚ್‌ಪಿ ಮೋಟಾರೇನ್ರೀ?"

"ಏಳೂವರೆ" ಎಂದರು. ಆಮೇಲೆ ನಗದೆ, "ಬಿಡಬೇಕು ಅಂದ್ರೆ ಬಿಡು ಸುಮಿತ್ರಾ. ಮನೆ ನಡೀತದೆ. ಆದ್ರೆ ಮೂರು ತಿಂಗ್ಳಿಂದ ನೀನು ಸರಿಯಾಗಿ ಊಟ ಮಾಡ್ತಿಲ್ಲ, ಯಾಕೆ ಅಂತ ನಾನೂ ಕೇಳ್ಲಿಲ್ಲ. ಅದು ನನ್ನ ತಪ್ಪು" ಎಂದರು. ನನ್ನ ಗಂಡ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ನಾನು ಮದುವೆಯಾದ ಮೇಲೆ ಕೇಳಿದ್ದಿಲ್ಲ. ಕಣ್ಣಲ್ಲಿ ನೀರು ಬಂತು.

ಒಳಗಿನಿಂದ ಅತ್ತೆ ಎಲ್ಲ ಕೇಳಿಸಿಕೊಂಡಿದ್ದರು. ಅವರಿಗೆ ಈಗ ಮಂಡಿನೋವು, ಕಿವಿ ಮಾತ್ರ ಚುರುಕು. ಗೋಡೆ ಹಿಡಿದುಕೊಂಡು ಬಂದು ನನ್ನ ಪಕ್ಕ ಕೂತರು. ನಾನು ರಕ್ಷಿತಾಳ ವಿಚಾರವನ್ನೂ ಸೇರಿಸಿ ಎಲ್ಲ ಹೇಳಿದೆ. ಅವರು ಬಾಯಿ ತುಂಬ ನಕ್ಕರು.

"ಅಲ್ಲ ಕಣವ್ವ, ನನ್ ಮಾತು ಅರಕಲಗೂಡ್ಗಂಟ ಓಗಿ, ಮದ್ವೆ ಆಗಿ, ಮಗಳ್ನೂ ಎತ್ತೈತಾ! ನಾನು ಒಂದ್ ದಿನಾನೂ ಇಸ್ಕೂಲ್ ಮೆಟ್ಲು ಅತ್ತಿಲ್ಲ." ಸ್ವಲ್ಪ ಹೊತ್ತು ನನ್ನ ಕೈ ಸವರಿದರು. "ಬುಟ್ರೆ ಬುಡು, ಬ್ಯಾಡ ಅನ್ನಾಕಿಲ್ಲ. ಆದ್ರೆ ಒಂದ್ ಯೋಚ್ನೆ ಮಾಡು. ನಿನ್ ಬಾಯಿಗೆ ನಲ್ವತ್ ಮಕ್ಕಳಾದ್ರೂ ಬೇಕು. ಮಗಳೂ ಗಂಡನ್ ಮನೇಗ್ ಓಗವ್ಳೆ, ಮನೇಲಿ ನಾವಿಬ್ರೇ, ಸಾಲಾಕಿಲ್ಲ ತಾಯಿ."

ಭಾನುವಾರ ಬಟ್ಟೆ ಒಗೆದೆ, ಹಿಟ್ಟು ರುಬ್ಬಿದೆ. ಏನೂ ತೀರ್ಮಾನ ಆಗಲಿಲ್ಲ. ತಲೆಯಲ್ಲಿ ಆ ಅಜ್ಜಿ ನಿಂತುಬಿಟ್ಟಿದ್ದರು. ನಾನು ಅವರ ಮುಖ ನೋಡಿಲ್ಲ, ಊರು ಗೊತ್ತಿಲ್ಲ. ಬಾರದ ನನಗಾಗಿ, ಬಿಟ್ಟು ಹೋಗುತ್ತೇನೆಂದು 'ಘನ ಸನ್ನಿಧಾನ'ಕ್ಕೆ ಬಿನ್ನವಿಸಿಕೊಂಡ ಕಾಗದಕ್ಕೆ ಜಾಗ ಬಿಟ್ಟು, ಆ ಜೀವ ಅಷ್ಟು ದೂರ ನಿಂತುಕೊಂಡು ಹೋಗಿತ್ತು. ಅವರ ಮಂಡಿಯೂ ನಮ್ಮ ಅತ್ತೆಯ ಮಂಡಿಯ ಹಾಗೇ ಇದ್ದಿರಬೇಕು. ನನ್ನ ಮೇಲೆ ನನಗೇ ಕೆಟ್ಟ ಕೋಪ ಬಂತು.

ಸೋಮವಾರ ಕವರನ್ನು ಬ್ಯಾಗಿಗೆ ಹಾಕಿಕೊಂಡೆ. ಕಚೇರಿ ತೆರೆದಿರುತ್ತದೆ, ಸಂಜೆ ಕೊಟ್ಟರೂ ಕೊಟ್ಟೆ ಎಂದುಕೊಂಡು. ಹಾಸನದ ಸ್ಟ್ಯಾಂಡಿನಲ್ಲಿ ಕಾಲು ಮುಂದಕ್ಕೆ ಬರುತ್ತಿರಲಿಲ್ಲ. ನಾಗರತ್ನ ಸೀಟು ಹಿಡಿದಿರುತ್ತಾಳೋ ಇಲ್ಲವೋ? ಮೂರನೇ ಸಾಲಿನಲ್ಲಿ ಅವಳು ಕೂತಿದ್ದಳು, ಮುಖ ಕಿಟಕಿಯ ಕಡೆ. ಪಕ್ಕದ ಸೀಟಿನ ಮೇಲೆ ಗಂಟು ಹಾಕಿದ ಕರ್ಚೀಫು ಇತ್ತು.

"ಕುಂತ್ಕ" ಎಂದಳು, ತಿರುಗದೆ. ಬಸ್ಸು ಊರು ದಾಟಿದ ಮೇಲೆ, "ಬುಡದಾದ್ರೆ ಬುಡು, ನಾನ್ಯಾರು ಬ್ಯಾಡ ಅನ್ನಾಕೆ? ಆದ್ರೆ ಮೊದ್ಲು ನಂಗ್ ಯೋಳು. ಕಂಡಕ್ಟ್ರಿಂದ ಕೇಳಂಗ್ ಮಾಡ್ಬ್ಯಾಡ" ಎಂದಳು. ನಾನು ಅವಳ ಕೈ ಹಿಡಿದುಕೊಂಡು "ತಪ್ಪಾಯ್ತು ಕಣೇ" ಎಂದೆ. ಆಗ ಅತ್ತಳು. ಮುಂದಿನ ಸೀಟಿನವರು ತಿರುಗಿ ನೋಡಿದರು. ನೋಡಲಿ.

ಅವತ್ತು ಎಂಟನೇ ತರಗತಿಗೆ ಹೋದಾಗ ರಕ್ಷಿತಾಳನ್ನು ಮುಂದೆ ಕರೆದೆ. ಪಾಪ, ಬೈಸಿಕೊಳ್ಳುವುದಕ್ಕೆ ಸಿದ್ಧಳಾಗಿ ಬಂದಳು. "ನಿಮ್ಮಮ್ಮ ಹೇಳಿದ ಪ್ರಯೋಗ ನೀನು ಮಾಡಿದ್ದೀಯಾ?" ಎಂದೆ. "ಇಲ್ಲ ಮಿಸ್. ನೀರ್ ಚೆಲ್ತೀಯ ಅಂತ ಅಮ್ಮ ಬುಡಲ್ಲ" ಎಂದಳು. ಯೋಚನೆ ಮಾಡಿದೆ. ಇಪ್ಪತ್ತೆರಡು ವರ್ಷದಲ್ಲಿ ನಾನೂ ಒಬ್ಬರ ಕೈಗೂ ಲೋಟ ಕೊಟ್ಟಿರಲಿಲ್ಲ. "ಇವತ್ತು ನೀನು ಮಾಡು. ತಲೆ ನನ್ನದೇ ಇರಲಿ" ಎಂದೆ.

ಲೋಟ ಇತ್ತು, ನೀರಿತ್ತು, ದಪ್ಪ ಕಾಗದ ಇರಲಿಲ್ಲ. ನಾನು ಇಡುತ್ತಿದ್ದ ರಟ್ಟನ್ನು ಬೀರುವಿನಲ್ಲಿ ಗೆದ್ದಲು ತಿಂದಿತ್ತು. ಬ್ಯಾಗಿಗೆ ಕೈ ಹಾಕಿದೆ. ಮೊದಲು ಸಿಕ್ಕಿದ್ದು ಈ ಕವರು. ಮಡಚಿ ಕೊಟ್ಟೆ.

ನಾನು ಸ್ಟೂಲಿನ ಮೇಲೆ ಕೂತೆ. ರಕ್ಷಿತಾ ಲೋಟವನ್ನು ನನ್ನ ತಲೆಯ ಮೇಲೆ ಬೋರಲು ಮಾಡಿದಳು, ಕೆಳಗಿನ ಕೈ ತೆಗೆದಳು. ಒಂದು ಕ್ಷಣ ನಿಂತಿತು. ಇಡೀ ಕ್ಲಾಸು ಒಟ್ಟಿಗೆ "ಗಾಳಿಯಪ್ಪಾ..." ಎಂದಿತು. ಅಷ್ಟೇ, ಒಂದು ಲೋಟ ನೀರು, ಕವರಿನ ಸಮೇತ, ನನ್ನ ನೆತ್ತಿಯಿಂದ ಬೆನ್ನಿನೊಳಕ್ಕೆ ಇಳಿಯಿತು.

ಯಾರೂ ನಗಲಿಲ್ಲ. ರಕ್ಷಿತಾ ಲೋಟ ಹಿಡಿದುಕೊಂಡು ಅಳುವುದಕ್ಕೆ ಬಾಯಿ ತೆರೆದಿದ್ದಳು. ನನಗೆ ಏನು ಹೇಳಬೇಕೋ ತೋಚಲಿಲ್ಲ, ಈ ಪಾಠದಲ್ಲಿ ನೀರು ಬಿದ್ದದ್ದೇ ಇಲ್ಲವಲ್ಲ! ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಸುಮ್ಮನೆ, ನಿಜವಾಗಿ ತಿಳಿಯದೆ, "ಯಾಕೆ ಬಿತ್ತು?" ಎಂದು ಕೇಳಿದೆ.

"ಕವರ್ ನೆಂದ್ಬುಡ್ತು ಮಿಸ್!" ಎಂದಿತು ಒಂದು ದನಿ. "ಇಲ್ಲ, ಕೈ ಓರೆ ಆಯ್ತು, ಒಂದ್ ಕಡೆಯಿಂದ ಗಾಳಿ ಒಳಗ್ ಓಯ್ತು." "ಲೋಟ ಪೂರ್ತಿ ತುಂಬಿರ್ಲಿಲ್ಲ ಮಿಸ್, ಮೇಲೆ ಗಾಳಿ ಇತ್ತು, ಅದು ತಳ್ತು." "ಇನ್ನೊಂದ್ ಸಲ ಮಾಡನ ಮಿಸ್!" ನೀರು ಯಾಕೆ ಬೀಳುವುದಿಲ್ಲ ಎಂದು ಇಪ್ಪತ್ತೆರಡು ವರ್ಷ ನಾನೇ ಹೇಳುತ್ತಿದ್ದೆ. ಯಾಕೆ ಬಿತ್ತು ಎಂದು ಅವತ್ತು ಅವರು ಹೇಳಿದರು. ಗಂಟೆ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ, ನನಗೂ ಕೇಳಿಸಲಿಲ್ಲ. ಪಕ್ಕದ ಕ್ಲಾಸಿನಿಂದ ಸಮಾಜದ ಮೇಷ್ಟರು ಬಂದು ಬಾಗಿಲಲ್ಲಿ ನಿಂತು, "ಏನ್ ಮೇಡಂ, ಹೊಳೆಗೆ ಬಿದ್ರಾ?" ಎಂದರು.

ಸಂಜೆ ಬಸ್ಸಿನಲ್ಲಿ ನಾಗರತ್ನ ಕರ್ಚೀಫಿನ ಗಂಟು ಬಿಚ್ಚಿ ನನ್ನ ಜಡೆ ಒರೆಸಿದಳು. ಕವರಿನೊಳಗೆ ನೋಡಿದೆ. ಟೈಪು ಮಾಡಿದ ಅಕ್ಷರ ಹಾಗೇ ಇತ್ತು. ಹೆಡ್ ಮೇಷ್ಟರ ಇಂಕಿನ ಸಹಿ ಕರಗಿ ನೀಲಿ ಕಲೆಯಾಗಿತ್ತು. ಕೊಡಬೇಕೆಂದರೆ ಇನ್ನೊಂದು ಸಲ ಸಹಿ ಹಾಕಿಸಬೇಕು. "ಬೇಕೂಂತ್ಲೇ ಅದುನ್ನ ಮುಚ್ಚಾಕ್ ಕೊಟ್ಯಾ?" ಎಂದು ನಾಗರತ್ನ ಕೇಳಿದಳು. ಇವತ್ತಿಗೂ ಆಗಾಗ ಕೇಳುತ್ತಾಳೆ. ನನಗೆ ಗೊತ್ತಿಲ್ಲ, ನಿಜವಾಗಿಯೂ ಗೊತ್ತಿಲ್ಲ.

ಅಂದಿನಿಂದ ಸೀಟು ಹಿಡಿಯುವ ಕೆಲಸವನ್ನು ನಾನೂ ಸ್ವಲ್ಪ ಮಾಡುತ್ತೇನೆ, ಈ ಕವರಿನಿಂದಲೇ. ನೆಂದು ಒಣಗಿ ಗಟ್ಟಿಯಾಗಿದೆ, ಎಸೆಯಲು ಚೆನ್ನಾಗಿದೆ. ಆದರೆ ಪಕ್ಕದಲ್ಲಿ ವಯಸ್ಸಾದವರು ಯಾರಾದರೂ ನಿಂತಿದ್ದರೆ ಅದನ್ನು ಎತ್ತಿಕೊಂಡು ಅವರನ್ನು ಕೂರಿಸುತ್ತೇನೆ. "ಇಡ್ದ ಸೀಟ್ನೆಲ್ಲ ಅಂಚ್ಬುಡು" ಎಂದು ನಾಗರತ್ನ ರೇಗುತ್ತಾಳೆ.

ನಿನ್ನೆ ಸಂಜೆ ಹಾಗೆ ಕೂರಿಸಿದ ಅಜ್ಜಿಯೊಬ್ಬರು, ಕಾಲು ನೀಡಿ ಸುಧಾರಿಸಿಕೊಂಡ ಮೇಲೆ, ನನ್ನ ಬ್ಯಾಗು ಇಸಿದುಕೊಂಡು ತೊಡೆಯ ಮೇಲಿಟ್ಟುಕೊಂಡರು. ನಾನು ಕಂಬಿ ಹಿಡಿದು ನಿಂತಿದ್ದೆ.

"ಇಸ್ಕೂಲ್ ಮೇಷ್ಟ್ರೇನವ್ವ ನೀನು?" ಎಂದರು.

"ಹೂಂ ಅಜ್ಜಿ."

"ಇನ್ನೂ ಎಷ್ಟ್ ವರ್ಸ ಐತವ್ವ ಕೆಲ್ಸ?"

ನಾಗರತ್ನ ಕಿಟಕಿಯಿಂದ ತಟ್ಟನೆ ಈ ಕಡೆ ತಿರುಗಿದಳು.

"ಹನ್ನೊಂದು ವರ್ಷ ಇದೆ ಅಜ್ಜಿ" ಎಂದೆ.